ನಮ್ಮ ಹಳೆಮನೆ ರಿಪೇರಿ: ಕುಮಟಾದ ಎಂಜಿನಿಯರ್ ಒಬ್ಬರ ಕೆಲಸ ಹೇಗಿತ್ತು

ಮೊದಲ ದಿನ ಅವರು ಮನೆಯೊಳಗೇ ಬರಲಿಲ್ಲ. ಟೇಪು ಹಿಡಿದು ಪಂಚಾಂಗದ, ಅಂದರೆ ಗೋಡೆ ನಿಂತಿರುವ ತಳಪಾಯದ ಕಟ್ಟಿನ, ಸುತ್ತ ಒಂದು ಸುತ್ತು ಹಾಕಿದರು. ಜೊತೆಗಿದ್ದ ಹುಡುಗ ಅಳತೆ ಬರೆದುಕೊಂಡ. ಒಳಗೆ ಆಯಿ (ಅಮ್ಮ) ಚಾ ಮಾಡಿಟ್ಟು ಕಾಯುತ್ತಿದ್ದಳು. ಅರ್ಧ ಗಂಟೆ ಆದಮೇಲೆ ಜಗುಲಿಗೆ ಬಂದು ಕೂತು, "ಅಕ್ಕೋರೇ, ಮನೆ ಗಟ್ಟಿ ಇದೆ. ಕೆಡವಬೇಡಿ. ಕೆಡವಿದರೆ ಕಾಗದಪತ್ರದಲ್ಲೂ ಕಷ್ಟ" ಅಂದರು.

ನಾನು ಶಿರಸಿಯಲ್ಲಿ ಟೀಚರ್. ತವರುಮನೆ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಅಳಿವೆಯ ಹತ್ತಿರ. ಅಜ್ಜ ಕಟ್ಟಿಸಿದ ಚಿರೇಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ, ಮಂಗಳೂರು ಹಂಚಿನ ಮಾಡು. ಅಪ್ಪಯ್ಯ ಹೋದಮೇಲೆ ಐದಾರು ವರ್ಷ ಯಾರೂ ಮಾಡು ಹತ್ತಿರಲಿಲ್ಲ. ಮಳೆಗಾಲದಲ್ಲಿ ನಾಲ್ಕು ಕಡೆ ಬಾಲ್ದಿ ಇಡಬೇಕಿತ್ತು. ನಡುಮನೆಯ ಗೋಡೆ ಮೊಣಕಾಲೆತ್ತರದವರೆಗೆ ಒದ್ದೆ, ಬಣ್ಣ ಹಪ್ಪಳದ ಹಾಗೆ ಏಳುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಚಿಂತೆ ಆಯಿಯದು. 78 ವರ್ಷ. ರಾತ್ರಿ ಎದ್ದರೆ ಮೂರು ಮೆಟ್ಟಿಲು ಇಳಿದು ಹಿತ್ತಲ ಬಚ್ಚಲಿಗೆ ಹೋಗಬೇಕು.

ಇವರಿಗಿಂತ ಮೊದಲು ಒಬ್ಬ ಗುತ್ತಿಗೆದಾರ ಬಂದು ನೋಡಿದ್ದರು. "ಎಲ್ಲಾ ತೆಗೆದು ಆರ್‌ಸಿಸಿ ಹಾಕೋಣ, 42 ಲಕ್ಷ. ಪರ್ಮಿಷನ್ ಆಮೇಲೆ ನೋಡಿಕೊಂಡರೆ ಆಯ್ತು" ಎಂದಿದ್ದರು. ನಾನು ಮುಂಗಡ ಕೊಡುವುದರಲ್ಲಿದ್ದೆ. ಈಗ ನೆನೆದರೆ ಮೈ ಜುಂ ಅನ್ನುತ್ತದೆ. ಯಾಕೆಂದರೆ ಹೊಳೆಯ ಉಬ್ಬರದ ಗೆರೆಯಿಂದ ನಮ್ಮ ಜಗುಲಿಗೆ 35 ಮೀಟರ್ ಅಷ್ಟೇ. ಅಂದರೆ ಮನೆ ಸಿಆರ್‌ಝಡ್ (ಕಟ್ಟಡಗಳಿಗೆ ನಿರ್ಬಂಧ ಇರುವ ಕರಾವಳಿ ನಿಯಂತ್ರಣ ವಲಯ) ಒಳಗೆ ಬರುತ್ತದೆ.

ನಮ್ಮ ಕರಾವಳಿಯಲ್ಲಿ ಹಳೆಮನೆ ಇರುವ ಎಲ್ಲರಿಗೂ ಇದು ಗೊತ್ತಿರಬೇಕು, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. 2019ರ ಸಿಆರ್‌ಝಡ್ ಅಧಿಸೂಚನೆ ಪ್ರಕಾರ ಸಮುದ್ರದ ನೀರು ಏರಿಳಿಯುವ ಹೊಳೆಯ ಪಕ್ಕ 50 ಮೀಟರ್, ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ನಿಯಮ ಅನ್ವಯಿಸುತ್ತದೆ. ನಮ್ಮಂಥ ಹಳ್ಳಿಯಲ್ಲಿ ಆ ಪಟ್ಟಿಯೊಳಗೆ ಹೊಸ ಮನೆ ಕಟ್ಟುವುದು ಸುಲಭ ಅಲ್ಲ. ಆದರೆ ಮೊದಲೇ ಇರುವ ಅಧಿಕೃತ ಮನೆಯ ರಿಪೇರಿಗೆ, ಮತ್ತೆ ಕಟ್ಟುವುದಕ್ಕೂ, ಅವಕಾಶ ಇದೆ. ಷರತ್ತು ಏನೆಂದರೆ ಮೊದಲಿದ್ದ ಪಂಚಾಂಗದ ಅಳತೆ ಮತ್ತು ಎಫ್‌ಎಸ್‌ಐ (ಜಾಗದ ಅಳತೆಗೆ ಹೋಲಿಸಿದರೆ ಎಲ್ಲಾ ಮಹಡಿ ಸೇರಿ ಎಷ್ಟು ಕಟ್ಟಿದೆ ಎಂಬ ಲೆಕ್ಕ) ಮೀರಬಾರದು. ಮನೆ ಕೆಡವಿ, ಪಂಚಾಂಗವನ್ನೂ ಕಿತ್ತ ಮೇಲೆ "ಇಲ್ಲಿ ಇಷ್ಟೇ ಅಗಲದ ಮನೆ ಇತ್ತು" ಎಂದು ತೋರಿಸುವುದು ಹೇಗೆ? ಅದಕ್ಕೇ ಅವರು ಮೊದಲು ಟೇಪು ಹಿಡಿದಿದ್ದು.

ಕಾಗದದ ಕೆಲಸ ಎರಡೂವರೆ ತಿಂಗಳು ಹಿಡಿಯಿತು. ಪಂಚಾಯ್ತಿಯ ಆಸ್ತಿ ದಾಖಲೆ ಸಿಗುವ ಇ-ಸ್ವತ್ತಿನ ಫಾರಂ 9 ಮತ್ತು 11 ತೆಗೆಸಿದೆವು. ಅಜ್ಜನ ಕಾಲದ ಮನೆಪಟ್ಟಿ ರಶೀದಿ, ಹಳೆಯ ಕರೆಂಟ್ ಬಿಲ್ಲು ಎಲ್ಲಾ ಹುಡುಕಿದೆವು. ಆಯಿಯ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಅಡಿಯಲ್ಲಿ, ಹಳದಿಯಾದ ರಶೀದಿಗಳ ಕಟ್ಟು ಸಿಕ್ಕಿತು. ಇಬ್ಬರು ಅಣ್ಣಂದಿರ ಒಪ್ಪಿಗೆ ಪತ್ರವೂ ಬೇಕಾಯಿತು. ನಕ್ಷೆ, ನಾಲ್ಕೂ ದಿಕ್ಕಿನ ಫೋಟೋ, ಗೋಡೆ ಗೋಡೆಯ ಅಳತೆ ಎಲ್ಲಾ ಎಂಜಿನಿಯರ್ ಅವರೇ ತಯಾರು ಮಾಡಿದರು. ಕಾರವಾರದ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಗೂ ಅವರೇ ಎರಡು ಸಲ ಹೋಗಿ ಬಂದರು. ನಡುವೆ ಒಂದು ಕಚೇರಿಯಲ್ಲಿ ನಮ್ಮ ಫೈಲು ಸುಮ್ನೆ ಐದು ವಾರ ಕೂತಿತ್ತು. ಆಗ ನನಗೆ ಸಿಟ್ಟು ಬಂದಿದ್ದು ನಿಜ. "ಯಾರಿಗಾದರೂ ಏನಾದರೂ ಕೊಡಬೇಕಾ?" ಎಂದೂ ಕೇಳಿದೆ. "ಬೇಡ ಅಕ್ಕೋರೇ, ನಮ್ಮ ಕಾಗದ ಸರಿ ಇದೆ, ಕಾಯೋಣ" ಎಂದರು. ಕಾದೆವು, ಬಂತು.

ಒಂದು ವಿಷಯದಲ್ಲಿ ಮಾತ್ರ ನಮಗೂ ಅವರಿಗೂ ಜಟಾಪಟಿ ಆಯಿತು. ಪಂಚಾಯ್ತಿ ದಾಖಲೆಯಲ್ಲಿ ಮನೆ 96 ಚದರ ಮೀಟರ್. ಇವರ ಟೇಪಿನಲ್ಲಿ 104. ಹೆಚ್ಚು ಬಂದ 8 ಚದರ ಮೀಟರ್ ಎಲ್ಲಿಯದೆಂದರೆ, ಅಪ್ಪಯ್ಯ ಆಮೇಲೆ ಶೀಟು ಹೊದೆಸಿ ಕಟ್ಟಿಸಿದ ಹಿತ್ತಲ ಬಚ್ಚಲಿನದು. ಅದನ್ನೇ ದೊಡ್ಡದು ಮಾಡಿ ಆಯಿಗೆ ಒಂದು ಕೋಣೆ ಮಾಡುವುದು ನನ್ನ ಆಸೆ. ಅವರು ಒಪ್ಪಲೇ ಇಲ್ಲ. "ದಾಖಲೆಯಲ್ಲಿ ಇಲ್ಲದ್ದನ್ನು ಇದೆ ಅಂತ ನಾನು ಬರೆಯುವುದಿಲ್ಲ" ಅಂದರು. ಎರಡು ದಿನ ನಾನು ಫೋನ್ ಎತ್ತಲಿಲ್ಲ. ಮೂರನೇ ದಿನ ಅವರೇ ಒಂದು ಹಾಳೆ ಹಿಡಿದು ಬಂದರು. ಅಡುಗೆಮನೆ ಪಕ್ಕದ ಉಗ್ರಾಣ. ಅಲ್ಲಿ ಖಾಲಿ ಮಡಕೆ ಮತ್ತು ಹರಿದ ಕಂಬಳಿ ಬಿಟ್ಟರೆ ಏನೂ ಇರಲಿಲ್ಲ. ಅದನ್ನೇ ಬಚ್ಚಲು ಮಾಡಿ, ಬಾಗಿಲನ್ನು ಆಯಿಯ ಕೋಣೆಗೆ ಕೊಟ್ಟಿದ್ದರು. ಹೊಸ್ತಿಲೂ ಇಲ್ಲ, ಮೆಟ್ಟಿಲೂ ಇಲ್ಲ. ಶೀಟಿನ ಬಚ್ಚಲು ತೆಗೆದುಹಾಕಿದೆವು. ಈಗ ಆಯಿ ಹಾಸಿಗೆಯಿಂದ ಏಳು ಹೆಜ್ಜೆ ನಡೆದರೆ ಬಚ್ಚಲು. ನಾನು ಕೇಳಿದ್ದಕ್ಕಿಂತ ಇದೇ ಒಳ್ಳೆಯದಾಯಿತು.

ಕೆಲಸ ಶುರುವಾಗಿದ್ದು ಜನವರಿಯಲ್ಲಿ. ಮೊದಲು ಮಾಡು. ಹಂಚು ಇಳಿಸುವಾಗ ಮೇಸ್ತ್ರಿ ಒಂದೊಂದನ್ನೂ ಎಡಗೈಲಿ ತೂಗಿ ಹಿಡಿದು, ಬಲಗೈ ಬೆರಳ ಗಂಟಿನಿಂದ ತಟ್ಟುತ್ತಿದ್ದರು. ಟಣ್ ಅಂದರೆ ಬಲಕ್ಕೆ, ಡಬ್ ಅಂದರೆ ಎಡಕ್ಕೆ. ಮೂರು ದಿನ ಪೂರ್ತಿ ಇದೇ ಸದ್ದು. 2,300 ಹಂಚಿನಲ್ಲಿ 1,900ಕ್ಕೂ ಜಾಸ್ತಿ ಟಣ್ ಅಂದವು. ತೆಂಗಿನ ನಾರಿನಿಂದ ಪಾಚಿ ಉಜ್ಜಿ ಅವನ್ನೇ ಮತ್ತೆ ಹೊದೆಸಿದರು. ಅಡಿಭಾಗದಲ್ಲಿ ಕಾರ್ಖಾನೆಯ ಅಚ್ಚು ಇನ್ನೂ ಚೂಪಾಗಿದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದರು ಎಂದು ಮಕ್ಕಳಿಗೆ ಪಾಠ ಮಾಡಿದ್ದೇನೆ. ಆ ಪರಂಪರೆಯ ಒಂದು ತುಂಡು ನಮ್ಮ ತಲೆಯ ಮೇಲೇ ಇತ್ತು ನೋಡಿ.

ಹಂಚು ಹೊರುವ ಮರದ ಪಕಾಸಿಗಳ ತುದಿಯನ್ನು ಒರಲೆ (ಗೆದ್ದಲು) ತಿಂದಿತ್ತು, ನಡುಭಾಗ ಕಬ್ಬಿಣದ ಹಾಗಿತ್ತು. ಬಡಗಿ ಕೆಟ್ಟ ತುದಿ ಕೊಯ್ದು ಹೊಸ ತುಂಡು ಕೂಡಿಸಿದರು. ಹೊಸ ತುಂಡು ಅಂದರೂ ಹೊಸ ಮರ ಅಲ್ಲ. ಶಿರಸಿ ಕಡೆ ಕೆಡವಿದ ಮನೆಯೊಂದರ ಮತ್ತಿ ಮರ ತಂದೆವು. ಒಂದು ಮರವನ್ನೂ ಕಡಿಯಲಿಲ್ಲ ಎಂಬುದು ನನಗೆ ತುಂಬಾ ಸಮಾಧಾನದ ಸಂಗತಿ.

ಗೋಡೆ ಒದ್ದೆಯಾಗಲು ಕಾರಣ ನಾವೇ ಬಳಿಸಿದ್ದ ಸಿಮೆಂಟ್. ಚಿರೇಕಲ್ಲು ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಮೇಲೆ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬಂದರೆ ಕುಡಿದ ನೀರು ಹೊರಗೆ ಬರಲು ದಾರಿಯೇ ಇಲ್ಲ. ಪ್ಲಾಸ್ಟರ್ ಕೆತ್ತಿದಾಗ ಒಳಗಿನ ಕಲ್ಲು ಮುಟ್ಟಿ ನೋಡಿದೆ. ಬಾವಿಕಟ್ಟೆಯಷ್ಟು ತಣ್ಣಗಿತ್ತು, ಬೆರಳಿಗೆ ಕೆಂಪು ಕೆಸರು ಅಂಟಿತು. ಎರಡು ತಿಂಗಳು ಹಾಗೇ ಒಣಗಲು ಬಿಟ್ಟು, ಆಮೇಲೆ ಸುಣ್ಣದ ಗಾರೆ ಹಾಕಿದರು. ನಮ್ಮ ಅಳಿವೆಯ ಚಿಪ್ಪಿನಿಂದಲೇ ಹಿಂದಿನವರು ಸುಣ್ಣ ಸುಡುತ್ತಿದ್ದರು. ಆಯಿಗೆ ಆ ವಾಸನೆ ಗೊತ್ತು. ಗಾರೆ ಹಸಿ ಇದ್ದಾಗ ಒಳಗೆ ಬಂದು, "ನಾನು ಮದುವೆಯಾಗಿ ಬಂದಾಗ ಮನೆ ಹೀಂಗೇ ನಾರುತ್ತಿತ್ತು" ಎಂದು ನಕ್ಕಳು. ನೆಲದ ಹಳೆಯ ಕೆಂಪು ಗಾರೆಗೆ ಕೈ ಹಚ್ಚಲಿಲ್ಲ, ಬಿರುಕು ತುಂಬಿ ಎಣ್ಣೆ ಹಾಕಿ ತಿಕ್ಕಿದರು, ಅಷ್ಟೇ.

ಕೊರತೆಗಳನ್ನೂ ಹೇಳಬೇಕು. ಅವರು 11 ಲಕ್ಷ ಅಂದಿದ್ದರು, ಮುಗಿದಾಗ 12 ಲಕ್ಷದ 80 ಸಾವಿರ. ಮರದ ಕೆಲಸ ಜಾಸ್ತಿ ಆಯಿತು ಎಂದು ಲೆಕ್ಕ ಕೊಟ್ಟರು, ಲೆಕ್ಕ ಸರಿ ಇತ್ತು. ಆದರೆ ಪಕಾಸಿಗಳನ್ನು ಮೊದಲೇ ಹತ್ತಿ ನೋಡಿದ್ದರೆ ನನಗೆ ಬ್ಯಾಂಕಿಗೆ ಎರಡನೇ ಸಲ ಓಡುವುದು ತಪ್ಪುತ್ತಿತ್ತು. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಅವರ ಹತ್ತಿರ ಒಬ್ಬರೇ. ಅವರಿಗೆ ಜ್ವರ ಬಂದು ಹದಿನೈದು ದಿನ ಕೆಲಸ ನಿಂತಿತು. ಜಗುಲಿಯ ಹೊರಗೋಡೆ ಮುಗಿಯುವ ಮೊದಲೇ ಮಳೆ ಹಿಡಿಯಿತು. ಆ ಗೋಡೆಗೆ ತಾಡಪತ್ರಿ ಕಟ್ಟಿ ದೀಪಾವಳಿವರೆಗೆ ಕಾಯಬೇಕಾಯಿತು. ಮತ್ತೆ, ಅವರು ಸಂಜೆ ಏಳರ ನಂತರ ಫೋನ್ ಎತ್ತುವುದೇ ಇಲ್ಲ. ಶಾಲೆ ಮುಗಿಸಿ ದೇವಿಮನೆ ಘಟ್ಟ ಇಳಿದು ಬರುವ ನನ್ನಂಥವಳಿಗೆ ಇದು ಕಷ್ಟ.

ಸೋಲಾರ್ ಬೇರೆಯವರಿಂದ ಹಾಕಿಸಿದೆವು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ಗೆ 60,000 ರೂಪಾಯಿ ಸಬ್ಸಿಡಿ ಬರುತ್ತದೆ, ನಮಗೂ ಬಂತು. ಕರೆಂಟ್ ಕಂಪನಿ ಹೆಸ್ಕಾಂನ ಮೀಟರೂ ಬೇಗ ಬಂತು. ಆದರೆ ಪ್ಯಾನೆಲ್ ಕೂರಿಸಲು ಬಂದ ಹುಡುಗರು ಹಂಚಿನ ಮೇಲೆ ಬೂಟು ಹಾಕಿಕೊಂಡು ಓಡಾಡಿ 23 ಹಂಚು ಒಡೆದರು. ಹಂಚಿನ ಮನೆಯವರು ಸೋಲಾರ್ ಹಾಕಿಸುವಾಗ ನಿಮ್ಮ ಬಡಗಿಯನ್ನು ಪಕ್ಕದಲ್ಲೇ ನಿಲ್ಲಿಸಿಕೊಳ್ಳಿ. ಪಕಾಸಿ ಎಲ್ಲಿದೆ, ಕಾಲು ಎಲ್ಲಿಡಬೇಕು ಎಂದು ಅವನಿಗೇ ಗೊತ್ತು.

ಎಂಜಿನಿಯರ್ ಶುಲ್ಕ 60,000, ಕಚೇರಿ ಓಡಾಟ ಎಲ್ಲಾ ಸೇರಿ. ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಹೆಸರು ಇಲ್ಲಿ ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ, ಈಗಿರುವ ಕೆಲಸವೇ ಕೈತುಂಬ ಇದೆಯಂತೆ. ಬೇರೆ ಯಾರನ್ನೇ ಕರೆದರೂ ಹಳೆಯ ಮನೆಪಟ್ಟಿ ರಶೀದಿ ಮೊದಲು ಹುಡುಕಿಡಿ, ದಸರೆಗೆ ಮುಂಚೆಯೇ ಮಾತಾಡಿ. ಮಾಡು ಬಿಚ್ಚಿದ ಮೇಲೆ ಜೂನ್ ಬಂದುಬಿಟ್ಟರೆ ನಮ್ಮ ಕಡೆಯ ಮಳೆ ಯಾರಿಗೂ ಕಾಯುವುದಿಲ್ಲ.

ಈ ಮಳೆಗಾಲದಲ್ಲಿ ಅಡುಗೆಮನೆಯ ಮೂಲೆಯಲ್ಲಿ ಒಂದು ಕಡೆ ಸೋರಿತು. ಬೆಳಿಗ್ಗೆ ಫೋನ್ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಬಡಗಿ ಛತ್ರಿ ಹಿಡಿದು ಬಂದು ಎರಡು ಹಂಚು ಬದಲಿಸಿ, ಆಯಿ ಬಡಿಸಿದ ಊಟ ಮಾಡಿ ಹೋದರು. ದುಡ್ಡು ಮುಟ್ಟಲಿಲ್ಲ.