ಶಿಬಿರದ ರಾತ್ರಿ ಒಬ್ಬ ಕ್ಯಾಪ್ಟನ್ ಹೊರಟುಹೋದರೆ ಉಳಿಯುವವರು ಎಷ್ಟು ಮಂದಿ?

ರಾತ್ರಿ 11 ದಾಟಿದ ಮೇಲೆ ಕಾರು ಶಿಬಿರದಿಂದ ಹೊರಟಿತು. ಹಿಂದಿನ ಸೀಟಿನಲ್ಲಿ ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗಿದ್ದ ಹತ್ತು ವರ್ಷದ ಹುಡುಗಿ, ಮುಂದೆ ಅವಳ ಗೈಡ್ ಕ್ಯಾಪ್ಟನ್, ಅಂದರೆ ಗೈಡ್ಸ್ ದಳದ ಮುಖ್ಯ ನಾಯಕಿ. ಆಸ್ಪತ್ರೆಗೆ ಕರೆದೊಯ್ಯುವ ತೀರ್ಮಾನದಲ್ಲಿ ತಪ್ಪಿರಲಿಲ್ಲ. ಆದರೆ ಅದೇ ಕಾರಿನ ಡಿಕ್ಕಿಯಲ್ಲಿ ಇಡೀ ದಳದ ಆರೋಗ್ಯ ಪತ್ರಗಳ ಫೈಲು ಇತ್ತು, ಬೀಗ ಹಾಕಿದ ಔಷಧಿ ಪೆಟ್ಟಿಗೆ ಇತ್ತು. ಪೋಷಕರ ಫೋನ್ ನಂಬರುಗಳೆಲ್ಲ ಆ ಕ್ಯಾಪ್ಟನ್ ಫೋನಿನಲ್ಲೇ ಇದ್ದವು. ಶಿಬಿರದಲ್ಲಿ ಉಳಿದದ್ದು 21 ಹುಡುಗಿಯರು, ಒಬ್ಬ ಸಹಾಯಕಿ, ಚಾರ್ಜು ಮುಗಿಯುತ್ತಾ ಬಂದಿದ್ದ ಒಂದು ಫೋನು.

ಎರಡು ಗಂಟೆಯ ಹೊತ್ತಿಗೆ ಇನ್ನೊಬ್ಬ ಹುಡುಗಿಗೆ ಉಬ್ಬಸ ಶುರುವಾಯಿತು. ಅವಳ ಇನ್‌ಹೇಲರ್ ಕಾರಿನಲ್ಲಿ ಹೋದ ಪೆಟ್ಟಿಗೆಯಲ್ಲಿತ್ತು.

ಸಹಾಯಕಿಗೆ ಟೆಂಟುಗಳ ಹತ್ತಿರ ಸಿಗ್ನಲ್ ಸಿಗಲಿಲ್ಲ. ಉಬ್ಬಸದ ಹುಡುಗಿಯನ್ನು ಬಿಟ್ಟು ಹೋಗುವಂತಿಲ್ಲ, ಉಳಿದವರನ್ನೂ ಬಿಟ್ಟು ಹೋಗುವಂತಿಲ್ಲ. ಕೊನೆಗೆ ಹನ್ನೊಂದು ವರ್ಷದ ಇಬ್ಬರು ಪಟ್ರೋಲ್ ಲೀಡರುಗಳು (ದಳದೊಳಗಿನ ಚಿಕ್ಕ ಗುಂಪುಗಳ ಮುಂದಾಳು ಹುಡುಗಿಯರು) ಟಾರ್ಚ್ ಹಿಡಿದು ಜಾಗ ನೋಡಿಕೊಳ್ಳುವವರ ಮನೆಗೆ ಹೋಗಿ ಬಾಗಿಲು ತಟ್ಟಿದರು. ಆಂಬುಲೆನ್ಸ್ ಬಂತು, ಆದರೆ ರಾತ್ರಿ ಮುಚ್ಚುವ ಹಿಂದಿನ ಗೇಟಿಗೆ ಬಂದು ನಿಂತಿತು. ಇಬ್ಬರು ಮಕ್ಕಳೂ ಉಳಿದರು, ಚೇತರಿಸಿಕೊಂಡರು. ಆ ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ, ಓದುವವರ ಎದೆ ಹಗುರಾಗಲಿ. ಆದರೆ ಆ ರಾತ್ರಿ ಕೆಟ್ಟದ್ದು ಯಾರದೋ ಸೋಮಾರಿತನದಿಂದಲ್ಲ. ಪಟ್ಟಿ ಇತ್ತು, ಒಪ್ಪಿಗೆ ಪತ್ರ ಇತ್ತು, ಫಸ್ಟ್ ಏಡ್ ಕಲಿತವರಿದ್ದರು. ಎಲ್ಲವೂ ಒಂದೇ ಕಾರಿನಲ್ಲಿ, ಒಬ್ಬರೇ ವ್ಯಕ್ತಿಯ ಬಳಿ ಇದ್ದದ್ದೇ ತೊಂದರೆ. ಹೊಸದಾಗಿ ದಳ ವಹಿಸಿಕೊಂಡು ಮೊದಲ ರಾತ್ರಿ ಶಿಬಿರದ ಯೋಜನೆ ಹಾಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಮೊದಲು ತಲೆಯೆಣಿಕೆ. ಅರ್ಜಿಯಲ್ಲಿ ಆ ಶಿಬಿರಕ್ಕೆ ಮೂವರು ವಯಸ್ಕರಿದ್ದರು. ಮೂರನೆಯವರು ಒಬ್ಬ ಹುಡುಗಿಯ ತಾಯಿ; ಕ್ಯಾಂಪ್‌ಫೈರ್ ಮುಗಿದ ಮೇಲೆ ಮನೆಗೆ ಹೋದರು. ಹಗಲಿಗೆ ಮಾತ್ರ ಬರುವವರನ್ನು ರಾತ್ರಿಯ ಲೆಕ್ಕಕ್ಕೆ ಸೇರಿಸುವುದು ದಳಗಳಲ್ಲಿ ಪದೇ ಪದೇ ಆಗುವ ತಪ್ಪು. ಹೀಗಾಗಿ ಹಗಲಿಗೊಂದು ಪಟ್ಟಿ, ರಾತ್ರಿ 9ರಿಂದ ಬೆಳಗ್ಗೆ 7ರವರೆಗೆ ಇನ್ನೊಂದು ಪಟ್ಟಿ ಬೇರೆ ಬೇರೆಯಾಗಿ ಬರೆಯಿರಿ.

ನಿಮ್ಮ ಸಂಸ್ಥೆಯ ನಿಯಮ ಏನಿದೆಯೋ ಅದನ್ನೇ ಪಾಲಿಸಬೇಕು. ಲೆಕ್ಕ ಹೇಗೆ ಹಾಕುತ್ತಾರೆ ಎಂಬುದು ತಿಳಿಯಲು ಅಮೆರಿಕದ ಗರ್ಲ್ ಸ್ಕೌಟ್ಸ್ ಅನುಪಾತ ಒಳ್ಳೆಯ ಉದಾಹರಣೆ. ಶಿಬಿರ, ಪ್ರವಾಸಗಳಿಗೆ ಅಲ್ಲಿ ಎಲ್ಲಕ್ಕಿಂತ ಚಿಕ್ಕವರಾದ ಡೇಸಿಗಳಿದ್ದರೆ ಮೊದಲ 6 ಮಕ್ಕಳಿಗೆ ಇಬ್ಬರು ವಯಸ್ಕರು, ಆಮೇಲೆ ಪ್ರತಿ 4ಕ್ಕೆ ಒಬ್ಬರು. 2–3ನೇ ತರಗತಿಯ ಬ್ರೌನಿಗಳಿಗೆ 12ಕ್ಕೆ ಇಬ್ಬರು, ಆಮೇಲೆ 6ಕ್ಕೆ ಒಬ್ಬರು. 4–5ನೇ ತರಗತಿಯ ಜೂನಿಯರ್‌ಗಳಿಗೆ 16ಕ್ಕೆ ಇಬ್ಬರು, ಆಮೇಲೆ 8ಕ್ಕೆ ಒಬ್ಬರು. 6–8ನೇ ತರಗತಿಯ ಕೆಡೆಟ್‌ಗಳಿಗೆ 20ಕ್ಕೆ ಇಬ್ಬರು, ಆಮೇಲೆ 10ಕ್ಕೆ ಒಬ್ಬರು. ಮೊದಲ ಇಬ್ಬರು ಪರಸ್ಪರ ಸಂಬಂಧಿಕರಾಗಿರಬಾರದು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು.

ಈ ಲೆಕ್ಕದಲ್ಲಿ 22 ಜೂನಿಯರ್ ಹುಡುಗಿಯರಿಗೆ ಮೂವರು ಸಾಕು. ಇಲ್ಲೇ ಎಡವುವುದು. ಮೂವರು ಸಾಕಾಗುವುದು ಎಲ್ಲರೂ ಆರೋಗ್ಯವಾಗಿರುವ ರಾತ್ರಿಗೆ. ಒಂದು ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಕಾರಿನಲ್ಲಿ ಇಬ್ಬರು ವಯಸ್ಕರು ಬೇಕು: ಒಬ್ಬರು ಓಡಿಸಲು, ಇನ್ನೊಬ್ಬರು ಹಿಂದೆ ಮಗುವಿನ ಪಕ್ಕ ಕೂರಲು. ವಾಂತಿ ಮಾಡುತ್ತಿರುವ ಮಗುವನ್ನು ಕನ್ನಡಿಯಲ್ಲಿ ನೋಡುತ್ತಾ ಕತ್ತಲ ರಸ್ತೆಯಲ್ಲಿ ಓಡಿಸುವುದು ಅಪಾಯ. ಒಬ್ಬ ವಯಸ್ಕರು ಒಂದು ಮಗುವಿನ ಜೊತೆ ಒಂಟಿಯಾಗಿ ಇರಬಾರದೆಂಬ ನಿಯಮವೂ ಇದೆ. ಇಬ್ಬರು ಹೋದರೆ ಉಳಿದ 21 ಮಕ್ಕಳಿಗೆ ಮತ್ತೆ ಮೂವರು ಬೇಕು. ಅಂದರೆ ನಿಜವಾದ ಸಂಖ್ಯೆ ಐದು. ಐವರನ್ನು ಹೊಂದಿಸುವುದು ಸುಲಭವಲ್ಲ. ಹಾಗಾದರೆ ಕನಿಷ್ಠ ನಾಲ್ವರು ಶಿಬಿರದಲ್ಲಿ ಮಲಗಲಿ. ಐದನೆಯವರು ಮನೆಯಲ್ಲಿದ್ದರೂ ಸರಿ, ಕರೆದ ಒಂದು ಗಂಟೆಯೊಳಗೆ ಬಂದು ಸೇರುವಂತಿರಲಿ. ಅವರು ಬರುವ ತನಕ ಲೆಕ್ಕದಲ್ಲಿ ಒಬ್ಬರು ಕಡಿಮೆಯೇ ಇರುತ್ತಾರೆ, ಹಾಗಾಗಿ ಆ ಹೊತ್ತಿನಲ್ಲಿ ಎಲ್ಲ ಮಕ್ಕಳೂ ಒಂದೇ ಕಡೆ ಇರಬೇಕು. ಆ ಐದನೆಯವರೂ ಸದಸ್ಯತ್ವ, ಹಿನ್ನೆಲೆ ಪರಿಶೀಲನೆ ಎಲ್ಲ ಮುಗಿಸಿದವರಾಗಿರಬೇಕು. ನಡುರಾತ್ರಿ ಸಿಕ್ಕ ತಾಯಿಯೊಬ್ಬರನ್ನು ಮಕ್ಕಳ ನಡುವೆ ಮಲಗಿಸುವಂತಿಲ್ಲ.

ಈಗ ಔಷಧಿ ಪೆಟ್ಟಿಗೆಯ ವಿಷಯ. ಬೀಗ ಹಾಕುವುದು ಒಳ್ಳೆಯ ಅಭ್ಯಾಸವೇ. ಮಕ್ಕಳ ಚೀಲದಲ್ಲಿ ಮಾತ್ರೆಗಳು ಓಡಾಡಬಾರದು ಎಂದು ಕಲಿಸಿರುತ್ತಾರೆ, ಸರಿಯಾಗಿಯೇ ಕಲಿಸಿರುತ್ತಾರೆ. ಆದರೆ ಉಬ್ಬಸದ ಇನ್‌ಹೇಲರ್ ಮತ್ತು ತೀವ್ರ ಅಲರ್ಜಿಯಾದಾಗ ಚುಚ್ಚುವ ಅಡ್ರಿನಲಿನ್ ಪೆನ್ನು ಆ ಸಾಲಿಗೆ ಸೇರುವುದಿಲ್ಲ. ಅವೆರಡೂ ಹುಡುಗಿಯ ಮೈಮೇಲೆ ಅಥವಾ ಕೈಗೆ ಸಿಗುವಷ್ಟು ಹತ್ತಿರ ಇರಬೇಕು: ಹಗಲು ಸೊಂಟದ ಚೀಲದಲ್ಲಿ, ರಾತ್ರಿ ದಿಂಬಿನ ಪಕ್ಕ. ಅದೇ ಟೆಂಟಿನ ಇನ್ನೊಬ್ಬಳಿಗೂ ಅದು ಎಲ್ಲಿದೆ ಎಂದು ಗೊತ್ತಿರಬೇಕು. ಇನ್‌ಹೇಲರ್ ಎರಡು ತರಲು ಪೋಷಕರಿಗೆ ಮೊದಲೇ ತಿಳಿಸಿ. ಎರಡನೆಯದು ರಾತ್ರಿ ಟೆಂಟುಗಳ ಹತ್ತಿರ ಇರುವ ನಾಯಕಿಯ ಬಳಿ ಇರಲಿ. ಅಡ್ರಿನಲಿನ್ ಪೆನ್ನೂ ಎರಡು ಬೇಕು, ಏಕೆಂದರೆ ಮೊದಲನೆಯದು ಕೊಟ್ಟ 5ರಿಂದ 15 ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದು ಕೊಡಬೇಕಾಗಬಹುದು. ಹೊರಡುವ ದಿನ ಪ್ರತಿಯೊಂದರ ಅವಧಿ ಮುಗಿಯುವ ದಿನಾಂಕ ಓದಿ. ಇನ್‌ಹೇಲರ್‌ನ್ನು ಒಮ್ಮೆ ಒತ್ತಿ ನೋಡಿ, ಎಣಿಕೆ ತೋರಿಸುವ ಕಿಂಡಿ ಇದ್ದರೆ ಎಷ್ಟು ಪಫ್ ಉಳಿದಿದೆ ಎಂದೂ ನೋಡಿ; ಔಷಧಿ ಮುಗಿದ ಡಬ್ಬಿಯೂ ಒತ್ತಿದರೆ ಚಿಮ್ಮಬಹುದು. ಖಾಲಿ ಡಬ್ಬಿಯನ್ನು ನಂಬಿಕೊಂಡು ಬರುವ ಮಕ್ಕಳು ಎಷ್ಟೋ.

ಉಬ್ಬಸ ಎರಡು ಗಂಟೆಗೆ ಬಂದದ್ದು ಆಕಸ್ಮಿಕವೇನಲ್ಲ. ರಾತ್ರಿ ಮತ್ತು ಬೆಳಗಿನ ಜಾವ ಉಬ್ಬಸ ಹೆಚ್ಚುವುದು ಸಾಮಾನ್ಯ. ಅದರ ಮೇಲೆ ಶಿಬಿರದಲ್ಲಿ ಕ್ಯಾಂಪ್‌ಫೈರ್ ಹೊಗೆ, ತಂಪು ಗಾಳಿ, ವರ್ಷವಿಡೀ ಮಡಚಿಟ್ಟ ಕಂಬಳಿಯ ಧೂಳು ಮೂರೂ ಒಟ್ಟಿಗೆ ಸೇರುತ್ತವೆ. ಉಬ್ಬಸವಿರುವ ಹುಡುಗಿಯನ್ನು ಬೆಂಕಿಯ ಹೊಗೆ ಬೀಸುವ ಕಡೆ ಕೂರಿಸಬೇಡಿ. ಉಬ್ಬಸ ಬಂದಾಗ ಮಲಗಿಸಬಾರದು. ನೆಟ್ಟಗೆ ಕೂರಿಸಿ, ಕುತ್ತಿಗೆ ಸುತ್ತ ಇರುವ ಸ್ಕಾರ್ಫ್ ಬಿಚ್ಚಿ, ಅವಳ ವೈದ್ಯರು ಬರೆದುಕೊಟ್ಟ ಕ್ರಮದಂತೆ ಸ್ಪೇಸರ್ (ಇನ್‌ಹೇಲರ್‌ಗೆ ಸಿಕ್ಕಿಸುವ ಕೊಳವೆ) ಜೊತೆ ಒಂದೊಂದೇ ಪಫ್ ಕೊಡಬೇಕು. ಒಂದು ವಾಕ್ಯವನ್ನು ಉಸಿರು ಕಟ್ಟದೆ ಪೂರ್ತಿ ಹೇಳಲಾಗುತ್ತಿಲ್ಲ ಎಂದಾದರೆ, ತುಟಿ ನೀಲಿಗಟ್ಟಿದರೆ, ಔಷಧಿಗೆ ಬಗ್ಗದಿದ್ದರೆ, ಅಥವಾ ಇನ್‌ಹೇಲರೇ ಇಲ್ಲದಿದ್ದರೆ ಕಾಯದೆ ಆಂಬುಲೆನ್ಸ್ ಕರೆಯಿರಿ.

ಮೊದಲ ಹುಡುಗಿಯ ಹೊಟ್ಟೆನೋವಿನ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ತಡವಾದದ್ದು ಅಲ್ಲೇ. ಸಂಜೆ ಏಳರ ಹೊತ್ತಿಗೇ ಹೊಕ್ಕುಳ ಸುತ್ತ ನೋವು ಎಂದಿದ್ದಳು. ಮನೆಯ ನೆನಪು ಇರಬಹುದು ಎಂದರು ಒಬ್ಬರು, ಮೊದಲ ಮುಟ್ಟಿನ ಸೂಚನೆ ಇರಬಹುದು ಎಂದರು ಇನ್ನೊಬ್ಬರು. ಶಿಬಿರದಲ್ಲಿ ಹೊಟ್ಟೆನೋವು ಎನ್ನುವ ಹುಡುಗಿಯರಲ್ಲಿ ಹಲವರಿಗೆ ಇವೆರಡರಲ್ಲಿ ಒಂದು ಇರುತ್ತದೆ, ಹಾಗಾಗಿ ಊಹೆ ಸಹಜವೇ. ಆದರೆ ನೋವು ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಹೊಟ್ಟೆಗೆ ಇಳಿದರೆ, ನಡೆಯುವಾಗ ಬಗ್ಗಿ ಹೆಜ್ಜೆ ಇಟ್ಟರೆ, ಊಟ ಬೇಡವೆಂದು ವಾಂತಿಯೂ ಆದರೆ ಅದು ಅಪೆಂಡಿಕ್ಸ್ ಇರಬಹುದು. ಆಗ ತಿನ್ನಲು ಕುಡಿಯಲು ಏನೂ ಕೊಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹೊಟ್ಟೆನೋವು ಎಂದ ಹುಡುಗಿಯ ಹೆಸರು, ಹೇಳಿದ ಹೊತ್ತು, ಎಲ್ಲಿ ನೋವು ಎಂಬುದನ್ನು ಬರೆದಿಡಿ, ಗಂಟೆಗೊಮ್ಮೆ ಮತ್ತೆ ಕೇಳಿ ಬರೆಯಿರಿ. ಏಳು ಗಂಟೆಗೆ ಹೀಗೆ ಬರೆಯಲು ಶುರು ಮಾಡಿದ್ದರೆ ಒಂಬತ್ತಕ್ಕೇ, ಇನ್ನೂ ಮೂವರು ವಯಸ್ಕರಿದ್ದಾಗಲೇ, ಕಾರು ಹೊರಡುತ್ತಿತ್ತು.

ಮುಟ್ಟಿನ ಮಾತು ಬಂದದ್ದರಿಂದ ಒಂದು ವಿಷಯ. ರಾತ್ರಿ ಮೂರಕ್ಕೆ ಎದ್ದ ಹುಡುಗಿ ನಾಯಕಿಯನ್ನು ಎಬ್ಬಿಸಿ ಪ್ಯಾಡ್ ಕೇಳಲು ಎಷ್ಟು ನಾಚುತ್ತಾಳೆ ಎಂಬುದು ನಮಗೆಲ್ಲ ಗೊತ್ತೇ ಇದೆ. ಶೌಚಾಲಯದ ಒಳಗೇ ಒಂದು ಡಬ್ಬಿಯಲ್ಲಿ ಪ್ಯಾಡ್, ಒಳಉಡುಪು, ಕಾಗದದ ಚೀಲ, ಸಣ್ಣ ಟಾರ್ಚ್ ಇಟ್ಟು, ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದು ಎಂದು ಮೊದಲ ಸಂಜೆಯೇ ಎಲ್ಲರಿಗೂ ಹೇಳಿಬಿಡಿ. ನಾಯಕಿ ಒಬ್ಬರೇ ಉಳಿದ ರಾತ್ರಿ ಈ ಡಬ್ಬಿ ಬಹಳ ಕೆಲಸ ಮಾಡುತ್ತದೆ.

ಕಾಗದಗಳಿಗೆ ಬನ್ನಿ. ಆರೋಗ್ಯ ಪತ್ರಗಳ ಎರಡು ಪ್ರತಿ ಬೇಕು. ಮೂಲ ಫೈಲು ಶಿಬಿರ ಬಿಟ್ಟು ಕದಲಬಾರದು. ಎರಡನೆಯ ಪ್ರತಿಯನ್ನು ಹುಡುಗಿಗೊಂದರಂತೆ ಬಿಡಿಬಿಡಿ ಲಕೋಟೆಗಳಲ್ಲಿಡಿ: ಹೆಸರು, ಹುಟ್ಟಿದ ದಿನಾಂಕ, ಅಲರ್ಜಿ, ದಿನಾ ತೆಗೆದುಕೊಳ್ಳುವ ಔಷಧಿ, ಪೋಷಕರಿಬ್ಬರ ನಂಬರು, ತುರ್ತು ಚಿಕಿತ್ಸೆಗೆ ಪೋಷಕರ ಸಹಿಯ ಒಪ್ಪಿಗೆ. ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಇವನ್ನೇ. ಮಗು ಹೋಗುವಾಗ ಅವಳ ಲಕೋಟೆ ಒಂದೇ ಜೊತೆಗೆ ಹೋಗಬೇಕು, ಉಳಿದ 21 ಮಕ್ಕಳ ಗುಟ್ಟು ಆಸ್ಪತ್ರೆಯ ಮೇಜಿನ ಮೇಲೆ ಹರಡಬಾರದು. ಶಿಬಿರ ಮುಗಿದ ಮೇಲೆ ಬಳಸದ ಲಕೋಟೆಗಳನ್ನು ಪೋಷಕರಿಗೆ ಕೊಡಿ ಅಥವಾ ಹರಿದು ಹಾಕಿ.

ಆ ರಾತ್ರಿ ಪೋಷಕರಿಗೆ ಫೋನು ಮಾಡಿದ್ದು ಯಾರು? ಯಾರೂ ಇಲ್ಲ. ಸಹಾಯಕಿ ಮಾಡಿರುತ್ತಾರೆ ಎಂದು ಕ್ಯಾಪ್ಟನ್, ಕ್ಯಾಪ್ಟನ್ ಮಾಡಿರುತ್ತಾರೆ ಎಂದು ಸಹಾಯಕಿ. ತಾಯಿ ತಂದೆಗೆ ವಿಷಯ ತಿಳಿದದ್ದು ಆಸ್ಪತ್ರೆಯವರಿಂದ. ಅವರ ಸಿಟ್ಟು ಪೂರ್ತಿ ನ್ಯಾಯವಾದದ್ದು. ಇದಕ್ಕಾಗಿಯೇ ಶಿಬಿರಕ್ಕೆ ಬಾರದೆ ಮನೆಯಲ್ಲಿರುವ ಒಬ್ಬ ಸಂಪರ್ಕ ವ್ಯಕ್ತಿ ಬೇಕು. ಹುಡುಗಿಯರ ಪಟ್ಟಿ, ಪೋಷಕರ ನಂಬರು, ಜಾಗದ ವಿಳಾಸ, ಹೊರಡುವ ಮತ್ತು ಮರಳುವ ವೇಳೆ ಅವರ ಬಳಿ ಕಾಗದದ ಮೇಲೆ ಇರಬೇಕು, ಫೋನು ರಾತ್ರಿಯಿಡೀ ಆನ್ ಇರಬೇಕು. ಶಿಬಿರದಿಂದ ಒಂದೇ ಕರೆ ಅವರಿಗೆ. ಮಗುವಿನ ಪೋಷಕರಿಗೆ, ಬದಲಿ ವಯಸ್ಕರಿಗೆ, ಸಂಸ್ಥೆಯ ಮೇಲಿನವರಿಗೆ ತಿಳಿಸುವುದು ಅವರ ಕೆಲಸ. ಶಿಬಿರಕ್ಕೆ ಬಂದ ಹುಡುಗಿಯ ತಾಯಿಯನ್ನು ಈ ಕೆಲಸಕ್ಕೆ ನೇಮಿಸಬೇಡಿ. ಅಪಘಾತವಾದದ್ದು ಅವರ ಮಗಳಿಗೇ ಆದರೆ ಉಳಿದವರಿಗೆ ಕರೆ ಮಾಡುವ ಸ್ಥಿತಿಯಲ್ಲಿ ಅವರಿರುವುದಿಲ್ಲ.

ಫೋನು, ಗೇಟು ಇವು ಚಿಕ್ಕವು, ಆದರೆ ಜಾಗಕ್ಕೆ ಕಾಲಿಟ್ಟ ಮೊದಲ ಅರ್ಧ ಗಂಟೆಯಲ್ಲೇ ಮುಗಿಸಬೇಕಾದವು. ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ನಡೆದು ನೋಡಿ ಗೂಟ ನೆಟ್ಟು ಬಟ್ಟೆ ಕಟ್ಟಿ. ಪವರ್ ಬ್ಯಾಂಕ್ ಇರಲಿ. ರಾತ್ರಿ ಯಾವ ಗೇಟು ತೆರೆದಿರುತ್ತದೆ, ಆಂಬುಲೆನ್ಸ್ ಎಲ್ಲಿಯವರೆಗೆ ಬರಬಲ್ಲದು ಎಂದು ಕೇಳಿ, ವಿಳಾಸದ ಜೊತೆ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಡುಗೆ ಜಾಗದಲ್ಲಿ ನೇತುಹಾಕಿ. ಗಾಬರಿಯಾದವರು ಬಾಯಿಪಾಠ ಮರೆಯುತ್ತಾರೆ, ಎದುರಿಗಿರುವುದನ್ನು ಓದಬಲ್ಲರು. ಕಾರನ್ನು ಹೊರಗೆ ಮುಖ ಮಾಡಿ ನಿಲ್ಲಿಸಿ.

ಆ ರಾತ್ರಿ ಸರಿಯಾಗಿ ನಡೆದದ್ದು ಒಂದೇ, ಪಟ್ರೋಲ್ ಪದ್ಧತಿ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆದ ಮೊದಲ ಶಿಬಿರದಲ್ಲೇ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಹುಡುಗರನ್ನು ನಾಲ್ಕು ಪಟ್ರೋಲ್‌ಗಳಾಗಿ ಮಾಡಿದ್ದರು. 1910ರಲ್ಲಿ ಶುರುವಾದ ಗೈಡ್ಸ್ ಅದನ್ನೇ ಮುಂದುವರಿಸಿತು. ಆರೆಂಟು ಮಂದಿಯ ಗುಂಪು, ಅದಕ್ಕೊಬ್ಬ ಲೀಡರ್. ಇದನ್ನು ಕವಾಯತಿಗೆ, ಸ್ಪರ್ಧೆಗೆ ಮಾತ್ರ ಬಳಸುವ ದಳಗಳನ್ನು ಕಂಡಾಗ ನೋವಾಗುತ್ತದೆ. ಆಂಬುಲೆನ್ಸ್ ದೀಪಕ್ಕೆ ಎಲ್ಲರೂ ಎದ್ದು ಅಳತೊಡಗಿದಾಗ ಪ್ರತಿ ಪಟ್ರೋಲ್ ಲೀಡರ್ ತನ್ನವರನ್ನು ಹೆಸರು ಕರೆದು ಎಣಿಸಿದಳು, ಒಂದೇ ಕಂಬಳಿಯ ಮೇಲೆ ಕೂರಿಸಿದಳು. ತಲೆ ಎಣಿಸಿದರೆ ಓಡಾಡುವ ಮಗುವನ್ನು ಎರಡು ಸಲ ಎಣಿಸುತ್ತೇವೆ. ಹೆಸರು ಕರೆದರೆ ಆ ತಪ್ಪಾಗದು. ಆದರೂ ಹನ್ನೊಂದು ವರ್ಷದವರನ್ನು ಕತ್ತಲಲ್ಲಿ ಸಹಾಯಕ್ಕೆ ಓಡಿಸಬೇಕಾಗಿ ಬಂದದ್ದು ಹೆಮ್ಮೆಯ ಕಥೆಯಲ್ಲ. ಅವರ ಧೈರ್ಯಕ್ಕೆ ಬ್ಯಾಡ್ಜ್ ಕೊಡುವ ಮುಂಚೆ ಆ ಧೈರ್ಯ ಯಾಕೆ ಬೇಕಾಯಿತು ಎಂದು ದೊಡ್ಡವರು ಕೇಳಿಕೊಳ್ಳಬೇಕು.

ಶಿಬಿರಕ್ಕೆ ಎರಡು ವಾರ ಮುಂಚೆ, ಮಾಮೂಲಿ ಸಭೆಯಲ್ಲೇ ಹೀಗೆ ಪರೀಕ್ಷಿಸಿ. ಸಾಮಾನೆಲ್ಲ ಕಟ್ಟಿಟ್ಟಿರಿ. ಮುಖ್ಯ ನಾಯಕಿ ತನ್ನ ಚೀಲ, ಫೋನು, ಕಾರಿನ ಕೀ ತೆಗೆದುಕೊಂಡು ಇನ್ನೊಬ್ಬರ ಜೊತೆ ಹೊರಗೆ ಹೋಗಲಿ, 20 ನಿಮಿಷ ಒಳಗೆ ಬರುವುದು ಬೇಡ. ಉಳಿದವರು ಅಷ್ಟರೊಳಗೆ ಮೂರು ಕೆಲಸ ಮಾಡಲಿ: ಉಬ್ಬಸವಿರುವ ಹುಡುಗಿಯ ಇನ್‌ಹೇಲರ್ ಕೈಗೆ ತೆಗೆದುಕೊಳ್ಳುವುದು, ಯಾವುದಾದರೂ ಒಂದು ಮಗುವಿನ ತಾಯಿಯ ನಂಬರು ಓದಿ ಹೇಳುವುದು, ಶಿಬಿರದ ಜಾಗಕ್ಕೆ ದಾರಿಯನ್ನು ಆಂಬುಲೆನ್ಸಿನವರಿಗೆ ಹೇಳುವಂತೆ ಹೇಳುವುದು. ಮೂರರಲ್ಲಿ ಒಂದು ತಪ್ಪಿದರೂ ಚೀಲ ಬಿಚ್ಚಿ ಮತ್ತೆ ಕಟ್ಟಿ, ಮುಂದಿನ ವಾರ ಇನ್ನೊಮ್ಮೆ ಮಾಡಿ.