ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬು: ಅರವಿಂದ ಗುಪ್ತಾ ಟಾಯ್ಸ್ ವೆಬ್‌ಸೈಟ್ ನಮ್ಮನೇಲಿ ಹೇಗೆ ಕೆಲ್ಸಕ್ಕೆ ಬಂತು

ನನ್ನ ಮಗ ಎಂಟನೇ ಕ್ಲಾಸು. ರೋಡಲ್ಲಿ ಒಂದು ಸಲ ನೋಡಿದ ಬಸ್ಸನ್ನ ಮನೆಗೆ ಬಂದು ವೈಪರ್, ಹಿಂದಿನ ಏಣಿ ಸಮೇತ ಬಿಡಿಸ್ತಾನೆ, ಆದ್ರೆ ಪಾಠ ಓದೋಕೆ ಕೂತ್ರೆ ಒಂದೊಂದು ಸಾಲಿಗೂ ಒದ್ದಾಟ. ಪೇರೆಂಟ್ಸ್ ಮೀಟಿಂಗಿಗೆ ಹೋದಾಗೆಲ್ಲ "ನೋಟ್ಸ್ ತುಂಬಾ ಬರೀ ಚಿತ್ರಾನೇ ಮೇಡಂ" ಅನ್ನೋದು ಕೇಳಿ ಕೇಳಿ ಅಳು ಬರ್ತಿತ್ತು.

ಆಗ ಸಿಕ್ಕಿದ್ದು ಅರವಿಂದ ಗುಪ್ತಾ ಟಾಯ್ಸ್ ಅನ್ನೋ ವೆಬ್‌ಸೈಟ್. ಗುಪ್ತಾ ಅವ್ರು ಕಾನ್ಪುರ ಐಐಟಿಲಿ ಓದಿದ ಎಂಜಿನಿಯರ್, 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಲ್ಲಿ ಹಳ್ಳಿ ಸ್ಕೂಲುಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದವ್ರು, 2018ರಲ್ಲಿ ಪದ್ಮಶ್ರೀ ಬಂತು. ಮನೇಲಿ ಬಿದ್ದಿರೋ ಸಾಮಾನಲ್ಲೇ ಆಟಿಕೆ ಮಾಡೋದು ಅವ್ರ ಸೈಟಲ್ಲಿ ಪೂರ್ತಿ ಫ್ರೀ. ವಿಡಿಯೋಗಳು ಚಿಕ್ಕಚಿಕ್ಕವು, ಕೈ ಏನು ಮಾಡ್ತಿದೆ ಅನ್ನೋದೇ ಕಾಣುತ್ತೆ, ಓದೋ ಗೋಜಿಲ್ಲ. ನನ್ನ ಮಗನಿಗೆ ಹಿಡಿಸಿದ್ದೇ ಅದು.

ನಾವು ಮಾಡಿದ್ದು ಬೆಂಕಿಕಡ್ಡಿ ಜೋಡಣೆ. ಸೈಕಲ್ಲಿಗೆ ಗಾಳಿ ತುಂಬೋ ವಾಲ್ವಿನ ಸಣ್ಣ ರಬ್ಬರ್ ಟ್ಯೂಬನ್ನ ಚಿಕ್ಕದಾಗಿ ಕತ್ತರಿಸಿ ಎರಡೂ ಕಡೆಯಿಂದ ಕಡ್ಡಿ ತೂರಿಸೋದು, ಮೂರು ಕಡ್ಡಿ ಸೇರ್ಬೇಕು ಅಂದ್ರೆ ಟ್ಯೂಬಿನ ಮಧ್ಯ ಜಾಲಿ ಮುಳ್ಳಲ್ಲಿ ತೂತು ಮಾಡಿ ಇನ್ನೊಂದು ಕಡ್ಡಿ ಚುಚ್ಚೋದು. ಮೊದ್ಲು ಚೌಕ ಮಾಡ್ದ, ಒತ್ತಿದ್ರೆ ವಾಲ್ಕೊಂಡು ಹೋಯ್ತು. ತ್ರಿಭುಜ ಮಾಡ್ದ, ಎಷ್ಟು ಒತ್ತಿದ್ರೂ ಅಲ್ಲಾಡ್ಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ನೋಡ್ತಾ ಕೂತಿದ್ದವನು "ಅಮ್ಮಾ, ಅದಕ್ಕೇ ಮೊಬೈಲ್ ಟವರಲ್ಲಿ ಬರೀ ತ್ರಿಭುಜ ಇರೋದು" ಅಂದ. ನಾನು ಹೇಳ್ಕೊಟ್ಟಿದ್ದಲ್ಲ ಅದು.

ಘನಾಕೃತಿ ಪಾಠದಲ್ಲಿ ಮುಖ, ಅಂಚು, ಶೃಂಗ ಅಂತ ಟೇಬಲ್ ಬರುತ್ತಲ್ಲ, ಅದನ್ನ ಬಾಯಿಪಾಠ ಮಾಡಿ ಮಾಡಿ ಪ್ರತಿ ಸಲ ಅದಲುಬದಲು ಮಾಡ್ತಿದ್ದ. ಈಗ ಕಡ್ಡಿ ಅಂದ್ರೆ ಅಂಚು, ಕಡ್ಡಿಗಳು ಸೇರೋ ರಬ್ಬರ್ ಗಂಟು ಅಂದ್ರೆ ಶೃಂಗ, ಕಡ್ಡಿಗಳ ಮಧ್ಯದ ಖಾಲಿ ಜಾಗ ಅಂದ್ರೆ ಮುಖ. ತ್ರಿಭುಜದ ಪಿರಮಿಡ್ಡಿಗೆ 6 ಕಡ್ಡಿ 4 ಗಂಟು, ಘನಕ್ಕೆ 12 ಕಡ್ಡಿ 8 ಗಂಟು, ಕೈಯಾರೆ ಚುಚ್ಚಿದ್ದಲ್ವಾ ಮರೆಯೋಕಾಗಲ್ಲ. ಮುಖಾನೂ ಶೃಂಗಾನೂ ಕೂಡಿದ್ರೆ ಅಂಚಿಗಿಂತ 2 ಜಾಸ್ತಿ ಬರುತ್ತೆ ಅನ್ನೋದನ್ನ ಎರಡಕ್ಕೂ ಅವನೇ ಎಣಿಸಿ ತೋರ್ಸಿದ.

ತೊಂದ್ರೆ ಅಂದ್ರೆ ಸೈಟು ಹಳೇ ಥರ ಇದೆ, ಬೇಕಾದ್ದು ಹುಡುಕೋಕೆ ತಾಳ್ಮೆ ಬೇಕು, ಮೊದ್ಲು ನೀವೇ ಕೂತು ನಾಲ್ಕು ಆಯ್ದಿಟ್ಕೊಳ್ಳಿ. ಇದರಿಂದ ಓದೋ ಕಷ್ಟ ಹೋಗಲ್ಲ, ನಮ್ಮವನು ಈಗ್ಲೂ ಓದೋದು ನಿಧಾನಾನೇ. ಅಕ್ಷರ ತುಂಬಾ ತಪ್ತಿದ್ರೆ ದಯವಿಟ್ಟು ಕಲಿಕಾ ನ್ಯೂನತೆ (ಬುದ್ಧಿ ಇದ್ರೂ ಓದೋದು, ಬರೆಯೋದು ಕಷ್ಟ ಆಗೋದು) ಟೆಸ್ಟ್ ಮಾಡ್ಸಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ, 2016ರ ಅಂಗವಿಕಲರ ಹಕ್ಕು ಕಾಯ್ದೇಲೂ ಈ ನ್ಯೂನತೆ ಸೇರಿದೆ. ಸೋಮಾರಿ ಅಂತ ಬೈಯೋಕೆ ಮುಂಚೆ ಅದನ್ನ ಮಾಡ್ಸಿ.

ವಾಲ್ವ್ ಟ್ಯೂಬು ಈಗಿನ ಎಷ್ಟೋ ಹೊಸ ಸೈಕಲ್‌ಗಳಿಗೆ ಬೇಡ, ದೊಡ್ಡ ಶೋರೂಮಲ್ಲಿ ಸಿಗದೇ ಇರಬಹುದು, ಪಂಚರ್ ಹಾಕೋ ಹಳೇ ಸೈಕಲ್ ಅಂಗಡೀಲಿ ಕೇಳಿ. ಕಡ್ಡಿ ತುದಿಯ ಮದ್ದನ್ನ ನೀವೇ ಕೆರೆದು ತೆಗ್ದು ಕೊಡಿ, ಆ ಕೆಲ್ಸ ಮಕ್ಕಳ ಕೈಗೆ ಬಿಡ್ಬೇಡಿ.