ಸಾಂಟಾ ಫೇ ಅಥವಾ ರಿಯೊ ಗ್ರಾಂಡೆ ನ್ಯಾರೋ ಗೇಜ್: ಮಾದರಿಗೆ ಯಾವುದು?

ಮನೆಯಲ್ಲಿ ಮಾದರಿ ರೈಲು ಕಟ್ಟುವವರಲ್ಲಿ ಅಮೆರಿಕದ ಹಳೆಯ ರೈಲು ಕಂಪನಿ ಸಾಂಟಾ ಫೇಗೆ ಅಭಿಮಾನಿಗಳು ಹೆಚ್ಚು. ಅದಕ್ಕೆ ಮುಖ್ಯ ಕಾರಣ ಬಣ್ಣ. 1937ರಲ್ಲಿ ಬಂದ ವಾರ್‌ಬಾನೆಟ್ ಎಂಬ ಕೆಂಪು-ಬೆಳ್ಳಿಯ ಎಂಜಿನ್ ಬಣ್ಣವಿನ್ಯಾಸ ಕಂಡವರ ಕಣ್ಣಲ್ಲಿ ಉಳಿಯಿತು. 1948ರಲ್ಲಿ ಆಟಿಕೆ ರೈಲಿನ ಕಂಪನಿ ಲಯನೆಲ್ ಅದೇ ಬಣ್ಣದಲ್ಲಿ ಎಫ್3 ಡೀಸೆಲ್ ಎಂಜಿನ್‌ನ ಆಟಿಕೆ ಮಾಡಿತು. ಬಾಲ್ಯದಲ್ಲಿ ಅದನ್ನು ಓಡಿಸಿದವರು ದೊಡ್ಡವರಾದ ಮೇಲೂ ಅದನ್ನೇ ಹುಡುಕಿದರು. ಬೇಡಿಕೆ ಇದ್ದುದರಿಂದ ಸಿದ್ಧ ಮಾದರಿಗಳು ಬಂದವು, ಅವು ಇನ್ನಷ್ಟು ಜನರನ್ನು ಸೆಳೆದವು.

ಆದರೆ ಜಾಗ ಅಳೆದು ನೋಡಿ. ಎಚ್‌ಒ ಎಂಬ ಮಾದರಿ ಅಳತೆಯಲ್ಲಿ (1:87, ಅಂದರೆ ನಿಜದ 87ರಲ್ಲಿ ಒಂದು ಪಾಲು) 85 ಅಡಿಯ ಪ್ರಯಾಣಿಕ ಬೋಗಿ ಸುಮಾರು 30 ಸೆಂ.ಮೀ. ಉದ್ದ. 18 ಇಂಚು ತ್ರಿಜ್ಯದ ತಿರುವಿನಲ್ಲಿ ಅದರ ಮೂಲೆಗಳು ಹೊರಚಾಚುತ್ತವೆ, ಬೋಗಿಗಳನ್ನು ಜೋಡಿಸುವ ಕೊಂಡಿ (ಕಪ್ಲರ್) ಪಕ್ಕಕ್ಕೆ ಎಳೆದು ಚಕ್ರ ಹಳಿ ತಪ್ಪುತ್ತದೆ. 30 ಇಂಚಾದರೂ ಬೇಕು.

ಕೊಲರಾಡೊದ ರಿಯೊ ಗ್ರಾಂಡೆ ರೈಲು ಕಂಪನಿಯ ನ್ಯಾರೋ ಗೇಜ್ ಮಾರ್ಗದಲ್ಲಿ ಹಳಿಗಳ ನಡುವಿನ ಅಂತರ ಮೂರೇ ಅಡಿ. ಅದರ 30 ಅಡಿಯ ಸರಕು ಬೋಗಿ ಮಾದರಿಯಲ್ಲಿ ಹತ್ತೂವರೆ ಸೆಂ.ಮೀ. ಮಾತ್ರ, ಬಿಗಿ ತಿರುವು, ಕಡಿದಾದ ಏರು ಅಲ್ಲಿ ಸಹಜವಾಗಿಯೇ ಕಾಣುತ್ತವೆ. ಡುರಾಂಗೊ–ಸಿಲ್ವರ್‌ಟನ್ ನಡುವೆ ಇಂದಿಗೂ ಉಗಿಬಂಡಿ ಓಡುವುದರಿಂದ ನೋಡಿ ಅಳೆಯಬಹುದು. ತೊಡಕೆಂದರೆ ಮಾದರಿಯಲ್ಲಿ 10.5 ಮಿ.ಮೀ. ಅಂತರದ ಹಳಿ, ಅದಕ್ಕೊಪ್ಪುವ ಚಕ್ರಗಳ ಆಯ್ಕೆ ಕಡಿಮೆ, ಕೈಕೆಲಸ ಹೆಚ್ಚು.

ಕೋಣೆ ಚಿಕ್ಕದಿದ್ದು ತಾಳ್ಮೆಯಿದ್ದರೆ ನ್ಯಾರೋ ಗೇಜನ್ನೇ ಆರಿಸಿ. ಈ ವಾರವೇ ರೈಲು ಓಡಬೇಕೆಂದರೆ ಸಾಂಟಾ ಫೇ ಸರಿ, ಉದ್ದ ಬೋಗಿಗಳ ಬದಲು 40 ಅಡಿಯ ಸರಕು ಬೋಗಿಗಳೊಂದಿಗೆ.